ಅಜ್ಜಿ ಕೈ ಕಟ್ಟಿದ್ದು

ತನ್ನ ಅಂಗಿಯ ಗುಂಡಿ ತಾನೇ ಹಾಕಿಕೊಳ್ಳದ ಮಗುವನ್ನು ಈಜಿಗೆ ಕರೆದೊಯ್ಯುವುದಿಲ್ಲ ಎಂದು ಶಾಲೆಯ ಟೀಚರು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಟ್ಟರು. ಪುಟ್ಟಿಗೆ ನೀರೆಂದರೆ ಪ್ರಾಣ. ಬೆರಳುಗಳು ಮಾತ್ರ ಅವಳ ಮಾತು ಕೇಳುತ್ತಿರಲಿಲ್ಲ. ಅಜ್ಜಿಗೆ ಮೈಯೆಲ್ಲ ಉರಿಯಿತು. ಊರಿಗೆಲ್ಲ ಅಂಗಿ ಹೊಲಿದುಕೊಟ್ಟ ಟೈಲರ್ ತಾನು, ತನ್ನ ಮೊಮ್ಮಗಳಿಗೆ ಗುಂಡಿಯೇ ಅಡ್ಡಿಯೆ?

ಅಜ್ಜಿ ತಲೆ ಓಡಿಸಿದಳು. ಅಂಗಿಯಲ್ಲಿ ಗುಂಡಿ ತೂರುವ ಕಾಜಗಳನ್ನೆಲ್ಲ ಹೊಲಿದು ಮುಚ್ಚಿ, ಮೇಲೆ ತೋರಿಕೆಗೆ ಗುಂಡಿ ಕೂರಿಸಿ, ಒಳಗೆ ಒತ್ತಿದರೆ ಕೂಡಿಕೊಳ್ಳುವ ಟಿಚ್ ಬಟನ್ ಇಟ್ಟಳು. ಯಾರಪ್ಪ ಬಂದರೂ ಕಂಡುಹಿಡಿಯಲಾರ ಎಂದು ಬೀಗಿದಳು.

ಶಾಲೆಯಲ್ಲಿ ಮಕ್ಕಳಿಗೆ ಉಣ್ಣುವ, ಉಡುವ, ಹಲ್ಲುಜ್ಜುವ ದಿನದ ಕೆಲಸ ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್ ಅಂಗಿಯನ್ನು ಒಮ್ಮೆ ಮುಟ್ಟಿ ನೋಡಿ ನಕ್ಕುಬಿಟ್ಟಳು.

"ಕೈಚಳಕ ಚೆನ್ನಾಗಿದೆ ಅಜ್ಜಿ. ಆದ್ರೆ ಪುಟ್ಟಿ ಏನು ಕಲಿತಳು?"

ಅಜ್ಜಿಯ ಮುಖ ಸಪ್ಪಗಾಯಿತು. ಪುಟ್ಟಿಯೇ ಬಾಯಿ ಬಿಟ್ಟಳು: "ನಂಗೆ ನಿಜವಾದ ಗುಂಡಿ ಬೇಕು."

ಅಜ್ಜಿ ಚೀಲದಿಂದ ಕತ್ತರಿ ತೆಗೆದು, ಅಲ್ಲೇ ಕಾಜ ಬಿಚ್ಚಲು ಕುಳಿತಳು.

ಥೆರಪಿಸ್ಟ್ ಪಾಠವನ್ನು ಕೊನೆಯಿಂದ ಶುರುಮಾಡಿದಳು. "ಗುಂಡಿ ಅರ್ಧ ತೂರಿಸೋದು ನೀವು, ಆಚೆಯಿಂದ ಎಳೆಯೋದು ಅವಳು. ಮುಗಿಸಿದ ಖುಷಿ ಅವಳಿಗೇ ಸಿಗಲಿ. ಆಮೇಲೆ ನೀವು ಸ್ವಲ್ಪ ಸ್ವಲ್ಪವೇ ಹಿಂದೆ ಸರೀರಿ. ಅವಳು ಕೇಳೋ ತನಕ ಕೈ ಹಾಕ್ಬೇಡಿ."

ಆ ಕೊನೆಯ ಮಾತೇ ಅಜ್ಜಿಗೆ ಕಬ್ಬಿಣದ ಕಡಲೆಯಾಯಿತು. ಮನೆಯಲ್ಲಿ ಪುಟ್ಟಿ ತಿಣುಕುವಾಗೆಲ್ಲ ಅಜ್ಜಿಯ ಕೈ ತಾನಾಗಿ ಮುಂದೆ ಹೋಗುತ್ತಿತ್ತು. "ಅಜ್ಜೀ, ಕೈ!" ಎಂದು ಮೊಮ್ಮಗಳು ಗದರುತ್ತಿದ್ದಳು. ಬೇರೆ ದಾರಿ ಕಾಣದೆ ಅಜ್ಜಿ ತನ್ನ ಕೈಗಳ ಮೇಲೇ ಕುಳಿತಳು, ಜೋಮು ಹಿಡಿದರೂ ಏಳಲಿಲ್ಲ. ಪುಟ್ಟಿಯೂ ಪಟ್ಟು ಬಿಡಲಿಲ್ಲ. ಅತ್ತಳು, ಅಂಗಿ ಬಿಸಾಡಿದಳು, ತಾನೇ ಹೋಗಿ ಎತ್ತಿಕೊಂಡು ಬಂದಳು.

ಈಜಿನ ದಿನ ಬಂತು. ಬಸ್ಸಿನ ಬಾಗಿಲ ಬಳಿ ಟೀಚರ ಎದುರಿಗೇ ಪುಟ್ಟಿ ಅಂಗಿ ತೊಟ್ಟಳು. ನಾಲಿಗೆ ಕಚ್ಚಿಕೊಂಡು ಒಂದೊಂದೇ ಗುಂಡಿ ಎಳೆದಳು. ಎಲ್ಲವೂ ಕೂತವು, ಒಂದು ಕಾಜ ತಪ್ಪಿ. ಅಂಗಿಯ ಒಂದು ಅಂಚು ಮೇಲೆ, ಇನ್ನೊಂದು ಕೆಳಗೆ ಜೋಲಾಡಿತು.

ಪಕ್ಕದಲ್ಲೇ ನಿಂತಿದ್ದ ಅಜ್ಜಿ ಸೊಟ್ಟ ಅಂಗಿಯನ್ನು ಎಂದೂ ತನ್ನ ಅಂಗಡಿಯಿಂದ ಹೊರಗೆ ಬಿಟ್ಟವಳೇ ಅಲ್ಲ. ಅವಳ ಜೀವ ಚಡಪಡಿಸಿತು. ಎರಡೂ ಕೈಯನ್ನು ಬೆನ್ನ ಹಿಂದೆ ಬಿಗಿಯಾಗಿ ಕಟ್ಟಿಕೊಂಡಳು.

"ಸೊಟ್ಟ ಆಗಿದೆಯಲ್ಲಾ?" ಎಂದರು ಟೀಚರು.

"ಆಗಿದ್ರೆ ಆಗ್ಲಿ ಟೀಚರೇ. ಅವಳೇ ಹಾಕ್ಕೊಂಡಿದ್ದು."

ಟೀಚರು ದಾರಿ ಬಿಟ್ಟರು. ಬಸ್ಸು ಹೊರಟಿತು. ಕಿಟಕಿಯಿಂದ ಪುಟ್ಟಿ ಕೈ ಬೀಸಿದ ಮೇಲಷ್ಟೇ ಅಜ್ಜಿ ತನ್ನ ಕೈ ಬಿಚ್ಚಿದಳು.