ಕಾಣದ ಉಗಿ

ಸ್ಸ್ ಎಂಬ ಸಣ್ಣ ಸದ್ದಿಗೆ ರೂಬಿನಾಳಿಗೆ ಎಚ್ಚರವಾಯಿತು. ಊರು ಮಲಗಿ ಎಷ್ಟೋ ಹೊತ್ತಾಗಿತ್ತು. ಹಾವಿರಬಹುದೇ ಎಂದು ಕಾಲು ಮೇಲೆಳೆದುಕೊಂಡಳು. ಪಕ್ಕದಲ್ಲಿ ಕೈಯಾಡಿಸಿದರೆ ಹಾಸಿಗೆ ಖಾಲಿ.

ಗಂಡ ನದೀಮ್ ದೂರದ ಶಾಖೋತ್ಪನ್ನ ವಿದ್ಯುತ್ ಸ್ಥಾವರದಲ್ಲಿ ಬಾಯ್ಲರ್ ನೋಡಿಕೊಳ್ಳುವವನು. ರಜೆಗೆ ಯಮನೂರಿಗೆ ಬಂದವನು ಬೆಳಗಾದರೆ ಹೊರಡಬೇಕು. ಅವನು ಮತ್ತೆ ಹೋಗುವುದು ಅತ್ತೆ ರಾಜಮಾಬಿಗೆ ಬೇಕಿರಲಿಲ್ಲ. ರೂಬಿನಾಳಿಗೂ ಬೇಕಿರಲಿಲ್ಲ, ಆದರೆ ಬಾಯಿಬಿಟ್ಟು ಹೇಳಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗಲೂ ಅದೇ ಮಾತು.

"ಕಲ್ಲಿದ್ದಲು ಪುಡಿ ಮಾಡಿ ಉರಸ್ತೀವಿ ಅಮ್ಮಾ. ನೀರು ಉಗಿ ಆಗತೈತಿ, ಉಗಿ ಜೋರಿಗೆ ಚಕ್ರ ತಿರಗತೈತಿ, ಚಕ್ರ ತಿರಗಿದ್ರ ಕರೆಂಟು."

"ಅಂದ್ರ ನೀರು ಕಾಸೂದು! ಅದಕ್ಕ ಅಷ್ಟು ದೂರ ಯಾಕ ಹೋಗಬೇಕಲೇ? ನಮ್ಮ ಬಚ್ಚಲದಾಗ ಹಂಡೆ ಇಲ್ಲೇನು?"

ರೂಬಿನಾ ನಕ್ಕಿದ್ದಳು. ನದೀಮ್ ತಟ್ಟೆ ನೋಡುತ್ತ ಕುಳಿತಿದ್ದ.

ಈಗ ಅವನು ಅಡುಗೆಮನೆಯ ಕತ್ತಲಲ್ಲಿದ್ದ. ಚಾಚಿದ ಕೈಯಲ್ಲಿ ಕಸಬರಿಗೆ. ಅದನ್ನು ಮುಂದೆ ಮೇಲೆ ಕೆಳಗೆ ಆಡಿಸುವುದು, ಒಂದು ಹೆಜ್ಜೆ ಇಡುವುದು, ಮತ್ತೆ ಆಡಿಸುವುದು.

"ಏನ್ ಮಾಡಾಕತ್ತೀರಿ?"

"ಮುಂದ ಬರಬ್ಯಾಡ! ಉಗಿ ಸೋರಾಕತ್ತೈತಿ. ಬೆಳ್ಳಗ ಕಾಣೂದು ಆರಿದ ಉಗಿ, ರೂಬಿ. ಖರೇ ಉಗಿ ಕಣ್ಣಿಗೆ ಬೀಳೂದಿಲ್ಲ. ಉಗಿ ಜೋರಿಗೆ ಕಸಬರಿಗಿ ಎಲ್ಲಿ ಕತ್ತರಿಸಿ ಬೀಳತೈತೋ, ಅಲ್ಲೇ ತೂತು. ಹಾರೂನ್ ತೂತು ಹುಡಕಾಕ ಬರಿಗೈಲೆ ಹೋದ. ಅವನ ಕೈ..."

ಸ್ಥಾವರದ ಜೊತೆಗಾರ ಹಾರೂನನ ಕೈ ಬೆಂದ ಸುದ್ದಿಯನ್ನು ನದೀಮ್ ಮನೆಯಲ್ಲಿ ಹೇಳಿಯೇ ಇರಲಿಲ್ಲ.

ಅಷ್ಟರಲ್ಲಿ ವಾಸನೆ ಅವಳ ಮೂಗಿಗೆ ಬಡಿಯಿತು. ಅವನ ಇನ್ನೊಂದು ಕೈ ಲೈಟಿನ ಸ್ವಿಚ್ಚಿನತ್ತ ಹೋಗುತ್ತಿತ್ತು. ಜಿಗಿದು ಮಣಿಕಟ್ಟು ಹಿಡಿದಳು.

"ಉಗಿ ಅಲ್ರೀ, ಗ್ಯಾಸು! ಕಿಡಿ ಹಾರಿದ್ರ ಮನೀನೇ ಹೋಗತೈತಿ."

ತಡಕಾಡಿ ಸಿಲಿಂಡರ್ ಬಂದ್ ಮಾಡಿದಳು. ಹಿತ್ತಲ ಬಾಗಿಲು ತೆರೆದು ಅವನನ್ನು ಹೊರಗೆಳೆದಳು. ಸದ್ದು ನಿಂತಿತ್ತು, ಅವನ ನಡುಕ ನಿಂತಿರಲಿಲ್ಲ.

"ವಾಸನೀನೇ ತಿಳೀಲಿಲ್ಲ ನನಗ. ಆವತ್ತಿನಿಂದ ಕುಕ್ಕರ್ ಸಪ್ಪಳ ಆದ್ರೂ ಅದೇ ನೆನಪು. ಅಮ್ಮಾಗ ಹೇಳಬ್ಯಾಡ. ಗೊತ್ತಾದ್ರ ಹೋಗಾಕ ಬಿಡೂದಿಲ್ಲ."

ರೂಬಿನಾಳಿಗೂ ಅದು ಗೊತ್ತಿತ್ತು. ಅತ್ತೆಯ ಮುಂದೆ ತಾನೊಂದು ಮಾತು ಆಡಿದರೆ ಸಾಕು, ಅವನು ಇಲ್ಲೇ ಉಳಿಯುತ್ತಾನೆ.

"ಇಂಥಾ ಕೈಲೆ ಬಾಯ್ಲರ್ ಬಾಜು ನಿಂದರತೀರೇನು?"

"ಇಲ್ಲ. ಸಾಹೇಬ್ರ ಮುಂದ ನಾನೇ ಹೇಳತೀನಿ, ಸ್ವಲ್ಪ ದಿನ ಬ್ಯಾರೆ ಕಡೆ ಹಾಕ್ರಿ ಅಂತ. ಆದ್ರ ಇಲ್ಲೇ ಅಡಗಿ ಕುಂತ್ರ, ಆ ಸಪ್ಪಳ ಸಾಯೂತನಕ ಬಿಡೂದಿಲ್ಲ ನನ್ನ."

ಬೆಳಗಿನ ಬೆಳಕಿನಲ್ಲಿ ನೋಡಿದರೆ ಗ್ಯಾಸಿನ ಪೈಪಿಗೆ ಇಲಿ ಹಲ್ಲು ಹಾಕಿತ್ತು. ಹಿತ್ತಲ ಬಾಗಿಲಲ್ಲಿ ಬಿದ್ದಿದ್ದ ಕಸಬರಿಗೆಯನ್ನು ರಾಜಮಾಬಿ ಎತ್ತಿ ಹಿಡಿದಳು.

"ರಾತ್ರ್ಯಾಗ ಯಾರು ಕಸಾ ಹೊಡದ್ರಬೇ? ಮನಿ ಬರಕತ್, ಮನಿ ಸಿರಿ ಎಲ್ಲಾ ಹೊರಗ ಹಾಕಿದ್ರೇನು?"

ಬೂಟು ಕಟ್ಟುತ್ತಿದ್ದ ನದೀಮ್ ತಲೆ ಎತ್ತಲಿಲ್ಲ. ಮಾತು ರೂಬಿನಾಳ ನಾಲಗೆಯ ತುದಿಗೆ ಬಂದು ನಿಂತಿತು. ಅವನ ನಡುಕವನ್ನೇ ಹಗ್ಗ ಮಾಡಿ ಅವನನ್ನು ಕಟ್ಟಿಹಾಕಲೇ? ಹೇಳುವುದಿದ್ದರೆ ಅವನೇ ಹೇಳಲಿ.

"ಇಲಿ ಬಂದಿತ್ರಿ ಅತ್ತಿ. ಪೈಪ್ ಕಡದೈತಿ ನೋಡ್ರಿ. ಹೊಸಾದು ಹಾಕೂತನಕ ಗ್ಯಾಸ್ ಹಚ್ಚಬ್ಯಾಡ್ರಿ."

"ಇಲೀಗೆ ಕಸಬರಿಗೀನಾ? ಡಿಗ್ರಿ ಓದ್ಯಾಳಂತ ಡಿಗ್ರಿ!"

ರೂಬಿನಾ ಸಿಲಿಂಡರ್ ಬಂದ್ ಇದೆಯೇ ಎಂದು ಮತ್ತೊಮ್ಮೆ ಮುಟ್ಟಿ ನೋಡಿದಳು. ರಾತ್ರಿ ನಡೆದ ಉಳಿದದ್ದನ್ನು ಯಾರ ಮುಂದೆಯೂ ಆಡಬಾರದು, ತವರಲ್ಲೂ ಆಡಬಾರದು ಎಂದುಕೊಂಡು, ಅವನ ಚೀಲ ಎತ್ತಿಕೊಟ್ಟಳು.