ನಲವತ್ತೈದರ ರಿಂಗು

ಗಡಹಿಂಗ್ಲಜದ ಕಾಲೇಜಿಗೆ ಬಾಸ್ಕೆಟ್‌ಬಾಲ್ ತಂದವಳೇ ಕ್ರೀಡಾ ನಿರ್ದೇಶಕಿ ಶಾಲನ. ಕಾಲೇಜಿನ ಹಾಜರಿಯಲ್ಲಿ ಹೆಸರಿದ್ದವರಷ್ಟೇ ಆಡಬೇಕೆಂಬ ನಿಯಮವೂ ಅವಳದೇ. ಎರಡು ವರ್ಷ ಹುಡುಗಿಯರು ಒಂದೂ ಪಂದ್ಯ ಗೆಲ್ಲಲಿಲ್ಲ. ಈ ಸಲವೂ ಸೋತರೆ ಆಟದ ಅಂಗಳದಲ್ಲಿ ಸ್ಕೂಟರ್ ನಿಲ್ಲಿಸುವುದೆಂದು ಪ್ರಾಚಾರ್ಯರು ಹೇಳಿಬಿಟ್ಟರು. ಕೊಲ್ಹಾಪುರದ ಕ್ಲಬ್ಬಿನ ಎತ್ತರದ ಹುಡುಗಿಯೊಬ್ಬಳನ್ನು ನಾಲ್ಕು ದಿನ ಸೇರಿಸಿಕೊಳ್ಳಿ ಎಂದು ಉಪಾಯವನ್ನೂ ಕೊಟ್ಟರು. ಶಾಲನ ಒಪ್ಪಲಿಲ್ಲ; ಒಪ್ಪದೆ ಬಂದಮೇಲೆ ಮೂರು ದಿನ ಅವಳಿಗೆ ಊಟ ರುಚಿಸಲಿಲ್ಲ.

ಜೂನ್‌ನಲ್ಲಿ ತುಕ್ಕು ಹಿಡಿದ ಹಳೆಯ ರಿಂಗುಗಳನ್ನು ತೆಗೆಸಿ ಹೊಸವನ್ನು ಹಾಕಿಸಿದ್ದಳು. ಗೋಕುಳ ಶಿರಗಾಂವದ ಕಾರ್ಖಾನೆಯಲ್ಲಿ ಯಂತ್ರಗಳ ಪುಲ್ಲಿ, ಅಂದರೆ ರಾಟೆಚಕ್ರ, ತಯಾರಿಸುವ ಕೃಷ್ಣಾತ, ಆಟಗಾರ್ತಿ ರುತುಜಾಳ ಸೋದರಮಾವ, ಪ್ರೀತಿಯಿಂದ ಮಾಡಿಕೊಟ್ಟಿದ್ದ. ಅಂದಿನಿಂದ ಚೆಂಡು ಒಳಗೆ ಬೀಳುವುದೇ ಕಷ್ಟವಾಯಿತು. ಹುಡುಗಿಯರ ಕೈ ಸರಿಯಿಲ್ಲವೆಂದುಕೊಂಡ ಶಾಲನ ದಿನಾ ಒಬ್ಬೊಬ್ಬಳಿಂದ ಇನ್ನೂರು ಸಲ ಎಸೆಸಿದಳು.

ಕೊಲ್ಹಾಪುರದ ಪಂದ್ಯಾವಳಿಯಲ್ಲಿ ಮೊದಲ ಪಂದ್ಯ ಇಚಲಕರಂಜಿಯ ಕಾಲೇಜಿನ ವಿರುದ್ಧ. ರುತುಜಾ ಎಸೆದ ಮೊದಲ ಚೆಂಡು ರಿಂಗಿಗೆ ತಾಗದೆ ಒಳಗಿಳಿಯಿತು. ಎರಡನೆಯದೂ ಹಾಗೆಯೇ. ಏನೋ ಎಡವಟ್ಟಾಗಿದೆ ಎಂದು ಶಾಲನ ಅಂಕದ ಹಾಳೆಯನ್ನು ಎರಡು ಸಲ ನೋಡಿದಳು. ಎಡವಟ್ಟಿರಲಿಲ್ಲ, ಹನ್ನೊಂದು ಅಂಕಗಳಿಂದ ಗೆದ್ದರು.

ಸೋದರಸೊಸೆಯ ಆಟ ನೋಡಲು ಬಂದಿದ್ದ ಕೃಷ್ಣಾತ ಮಾತ್ರ ತಲೆಯೆತ್ತಿ ರಿಂಗನ್ನೇ ನೋಡುತ್ತಿದ್ದ.

“ಬಾಯಾರ, ಇದು ನಮ್ಮದಕ್ಕಿಂತ ದೊಡ್ಡದ ಐತ್ರಿ.”

“ಎರಡೂ ನಲವತ್ತೈದು ಸೆಂಟಿಮೀಟರ್ ಅಲ್ಲೇನ್ರಿ?”

“ನಾ ಹೊರಗಿಂದ ಹಿಡದೇನ್ರಿ. ಪುಲ್ಲಿ ಹಂಗ ಅಳೀತೀವಲ್ರಿ.”

ಅಂದರೆ ಸರಳಿನ ದಪ್ಪ ಕಳೆದರೆ ಒಳಗೆ ನಲವತ್ತೊಂದೇ. ಕೃಷ್ಣಾತನಿಗೆ ಕೊಟ್ಟ ಚೀಟಿಯಲ್ಲಿ ‘ಒಳಗಿನ ಅಳತೆ’ ಎಂದು ಬರೆಯದೆ ಬಿಟ್ಟವಳು ತಾನೇ ಎಂದು ಶಾಲನಳಿಗೆ ಹೊಳೆಯಿತು. ಸಣ್ಣ ರಿಂಗಿನಲ್ಲಿ ಪಳಗಿ ಬಂದ ಗೆಲುವು ನ್ಯಾಯದ್ದೋ ಅಲ್ಲವೋ ಎಂಬ ಅಳುಕು ಹುಟ್ಟಿ, ನೇರ ಹೋಗಿ ಇಚಲಕರಂಜಿಯ ಕೋಚ್ ವಿಕಾಸನಿಗೆ ಎಲ್ಲ ಹೇಳಿದಳು. ಅವನು ಹೊಟ್ಟೆ ಹಿಡಿದು ನಕ್ಕ. ಎಲ್ಲಿ ಹೇಗೆ ಅಭ್ಯಾಸ ಮಾಡಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ ಎಂದ. ಆಮೇಲೆ ಕೃಷ್ಣಾತನತ್ತ ತಿರುಗಿದ.

“ನಮಗೂ ಅಂಥಾದ್ದ ಒಂದು ಮಾಡಿಕೊಡ್ರೆಲಾ.”

ಬಾಯಾರು ಏನನ್ನುತ್ತಾರೋ ಎಂದು ಕೃಷ್ಣಾತ ಶಾಲನಳ ಮುಖ ನೋಡಿದ. ರುತುಜಾ ಬೇಡವೆಂದು ಹಿಂದಿನಿಂದ ಸೆರಗು ಜಗ್ಗಿದಳು. ಶಾಲನ ಪರ್ಸಿನಿಂದ ಪೆನ್ನು ತೆಗೆದು ಒಂದೇ ಚೀಟಿಯಲ್ಲಿ ಎರಡೂ ಊರಿನ ಅಳತೆ ಬರೆದಳು: ಗಡಹಿಂಗ್ಲಜಕ್ಕೆ ಪಂದ್ಯದ ರಿಂಗು ಒಂದು, ಒಳಗಿನಿಂದ ನಲವತ್ತೈದು, ಇಚಲಕರಂಜಿಗೆ ಅಭ್ಯಾಸದ್ದು ಒಂದು, ಹೊರಗಿನಿಂದ ನಲವತ್ತೈದು. ಒಳಗೆ, ಹೊರಗೆ ಎಂಬಲ್ಲಿ ಎರಡೆರಡು ಗೆರೆ ಎಳೆದಳು.

ಆಮೇಲೆ ಪ್ರಾಚಾರ್ಯರಿಗೆ ಫೋನ್ ಮಾಡಿ, ಸ್ಕೂಟರಿಗೆ ಬೇರೆ ಜಾಗ ನೋಡಿರೆಂದು ಹೇಳಿದಳು.