ಮುಲ್ಟೆಯ ಜಾಗ

ಗಾಲಿಕುರ್ಚಿಯ ಮುಂದಿನ ಚಕ್ರ ಜೌಗಿನೊಳಗೆ ಮೆಲ್ಲಗೆ ಇಳಿಯತೊಡಗಿದಾಗ ಸುನ್ನಿವಾಗೆ ಒಳಗೊಳಗೇ ಸಮಾಧಾನವಾಯಿತು. ಇಳಿಯಲಿ ಎಂದುಕೊಂಡು ಅವಳು ಹಿಡಿಕೆಯನ್ನು ಇನ್ನಷ್ಟು ಮುಂದಕ್ಕೆ ಒತ್ತಿದಳು. ಮೋಟಾರು ಗುಂಯ್‌ಗುಟ್ಟಿತು, ಕೆಸರು ಲೊಚಗುಟ್ಟಿತು, ಕುರ್ಚಿ ಒಂದು ಬದಿಗೆ ವಾಲಿ ನಿಂತೇಬಿಟ್ಟಿತು.

"ನಿಲ್ಸಿ, ನಿಲ್ಸಿ," ಎನ್ನುತ್ತ ಐವಿಂದ್ ಹಿಂದಿನಿಂದ ಓಡಿಬಂದ. ಅವನು ಪುರಸಭೆಯ ಇಂಜಿನಿಯರ್. ಕಂಕುಳಲ್ಲಿ ಕೆಂಪು ತಲೆಯ ಗೂಟಗಳ ಕಟ್ಟು ಹಿಡಿದಿದ್ದ. "ಇಲ್ಲೂ ಆಗಲ್ಲ ಅಲ್ವಾ?"

"ನೀನೇ ನೋಡ್ತಿದೀಯಲ್ಲಪ್ಪ," ಎಂದಳು ಸುನ್ನಿವಾ.

ಅವನ ಹಿಂದೆ ಬೆರಿತ್ ಕೋಲೂರಿಕೊಂಡು ಬಂದಳು. ಅವಳು ಸುನ್ನಿವಾಳ ನೆರೆಮನೆಯವಳು, ಊರಿನ ಸಂಘದ ಪರವಾಗಿ ಜೊತೆಗೆ ಬಂದಿದ್ದಳು. ಕೆಸರಲ್ಲಿ ಸಿಕ್ಕ ಚಕ್ರದ ಕಡೆ ಅವಳು ನೋಡಲೇ ಇಲ್ಲ. ನೋಡಿದ್ದು ಸುನ್ನಿವಾಳ ಮುಖವನ್ನು.

ಸಮುದ್ರದ ದಂಡೆಯ ರಸ್ತೆಯಿಂದ ಮೇಲಿನ ಕೆರೆಯವರೆಗೆ ಜೌಗಿನ ಮೇಲೆ ಮರದ ಹಲಗೆಯ ಹಾದಿ ಮಾಡುವುದೆಂದು ಪುರಸಭೆ ಹೋದ ಚಳಿಗಾಲ ತೀರ್ಮಾನಿಸಿತ್ತು. ಗಾಲಿಕುರ್ಚಿಯವರು, ಮಂಡಿ ನೋವಿನವರು, ಕೂಸಿನ ಗಾಡಿ ತಳ್ಳುವವರು ಯಾರು ಬೇಕಾದರೂ ಯಾರ ಹಂಗೂ ಇಲ್ಲದೆ ಗುಡ್ಡಕ್ಕೆ ಹೋಗಿಬರಬೇಕು ಎನ್ನುವುದು ಆಸೆ. ಹಾದಿಯ ಗೆರೆ ಎಲ್ಲಿ ಹೋಗಬೇಕು, ಎಲ್ಲಿ ನೆಲ ಗಟ್ಟಿ ಎಂದು ತೋರಿಸಲು ಕುರ್ಚಿಯವರೇ ಒಬ್ಬರು ಬೇಕಾಗಿತ್ತು. ಹಾಗಾಗಿ ದಪ್ಪ ಚಕ್ರಗಳ, ಕಲ್ಲುಮುಳ್ಳಿಗೆಲ್ಲ ಜಗ್ಗದ ಈ ಕುರ್ಚಿಯನ್ನು ಪಕ್ಕದ ಪಟ್ಟಣದಿಂದ ಕಡ ತಂದು ಸುನ್ನಿವಾಳನ್ನು ಅದರಲ್ಲಿ ಕೂರಿಸಿದ್ದರು. ಸ್ನೋ ಸ್ಕೂಟರ್ ಮಗುಚಿ ಅವಳ ಸೊಂಟದ ಕೆಳಗೆ ಸ್ವಾಧೀನ ಹೋಗುವವರೆಗೆ ಈ ಗುಡ್ಡವನ್ನು ಅವಳಷ್ಟು ತಿರುಗಿದವರು ಊರಲ್ಲಿ ಇರಲಿಲ್ಲ.

ತಿರುಗುತ್ತಿದ್ದುದು ಮುಲ್ಟೆ ಹಣ್ಣಿಗೆ. ನಮ್ಮ ಉತ್ತರದ ಕಡೆ ಜೌಗಿನಲ್ಲಿ ಗಿಡಕ್ಕೆ ಒಂದೇ ಒಂದರಂತೆ ಬಿಡುವ ಹಣ್ಣು ಅದು. ಕಾಯಿಯಾಗಿದ್ದಾಗ ಕೆಂಪಗಿದ್ದು, ಮಾಗಿದರೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಯಾರನ್ನಾದರೂ ಅವರ ಸಂಬಳ ಕೇಳಿ, ವಯಸ್ಸು ಕೇಳಿ, ಹೇಳಿಯಾರು. ಮುಲ್ಟೆ ಎಲ್ಲಿ ಕಿತ್ತಿರಿ ಎಂದರೆ ಮಾತ್ರ "ಅಲ್ಲೇ, ಮೇಲ್ಗಡೆ" ಎಂದು ಆಕಾಶದ ಕಡೆ ಕೈ ತೋರಿಸುತ್ತಾರೆ. ಭಾನುವಾರ ಸತ್ಯವನ್ನು ಬೋಧಿಸುವ ಪಾದ್ರಿ ಸೋಮವಾರ ಹಣ್ಣಿನ ಬಕೆಟ್ಟಿನ ಮೇಲೆ ಟವೆಲ್ ಮುಚ್ಚಿಕೊಂಡು ಹಿತ್ತಲಿನಿಂದ ಮನೆ ಸೇರುತ್ತಾರೆ. ಅದನ್ನು ಯಾರೂ ಪಾಪವೆಂದು ಎಣಿಸಿಲ್ಲ.

ಸುನ್ನಿವಾಳ ಜಾಗ ಅವಳ ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಅವಳಿಗೆ ಬಂದದ್ದು. ಗಂಡನಿಗೂ ಹೇಳಿರಲಿಲ್ಲ, ಕೇಳುವಷ್ಟು ಮರ್ಯಾದೆಗೆಟ್ಟವನೂ ಅವನಲ್ಲ. ಪ್ರತಿ ಸಲವೂ ಬೆರಿತ್‌ಳ ಅಡುಗೆಮನೆ ಕಿಟಕಿಗೆ ಕಾಣುವ ಹಾಗೆ ಎಡಕ್ಕೆ ಹೊರಟು, ಮರಗಳ ಮರೆಗೆ ಬಂದ ಮೇಲೆ ಬಲಕ್ಕೆ ತಿರುಗುತ್ತಿದ್ದಳು. ಒಮ್ಮೆ ಬೆರಿತ್ ಮಂಜಿನಲ್ಲಿ ಬೆನ್ನು ಹತ್ತಿದ್ದೂ ಉಂಟು. ಗೊತ್ತಾದದ್ದೇ ಸುನ್ನಿವಾ ಒಂದು ಬಂಡೆಯ ಮೇಲೆ ಕೂತು, ತಂದಿದ್ದ ಬುತ್ತಿಯನ್ನೆಲ್ಲ ಮುಗಿಸಿ, ಬೆರಿತ್ ಬೇಸತ್ತು ವಾಪಸಾಗುವವರೆಗೆ ಹಾಡು ಹೇಳುತ್ತಿದ್ದಳಂತೆ. ಆಮೇಲೂ ಇಬ್ಬರೂ ಒಟ್ಟಿಗೆ ಕಾಫಿ ಕುಡಿದರು. ಆ ಮಾತು ಮಾತ್ರ ಎತ್ತಲಿಲ್ಲ.

ಈಗ ಎರಡು ಬೇಸಿಗೆಯಿಂದ ಜಾಗ ಕಂಡಿರಲಿಲ್ಲ. ಕನಸಿನಲ್ಲಿ ಮಾತ್ರ ಬರುತ್ತಿತ್ತು. ಆ ಕನಸಿನಲ್ಲಿ ಅವಳು ನಡೆಯುತ್ತಲೂ ಇರಲಿಲ್ಲ, ಕುರ್ಚಿಯಲ್ಲೂ ಇರುತ್ತಿರಲಿಲ್ಲ. ಬೆಳ್ಳಗಿನ ಹತ್ತಿಹುಲ್ಲು, ಕಪ್ಪು ನೀರು, ಪಾಚಿ ಎಲ್ಲ ಅವಳ ಕೆಳಗೆ ತಾವಾಗಿ ಹರಿದುಹೋಗುತ್ತಿದ್ದವು. ಅವಳು ಸುಮ್ಮನೆ ಅಲ್ಲಿರುತ್ತಿದ್ದಳು. ಎಚ್ಚರವಾದಾಗ ಬಾಯಲ್ಲಿ ಹಣ್ಣಿನ ಹುಳಿ ಇರುತ್ತಿತ್ತು, ಅಳು ಬರುತ್ತಿತ್ತು.

ಹೀಗಿದ್ದೂ ಇವತ್ತು ಬೆಳಿಗ್ಗೆಯಿಂದ ಅವಳು ಐವಿಂದ್‌ನನ್ನು ಎಡಕ್ಕೇ ಎಳೆಯುತ್ತಿದ್ದಳು. ಬಲಗಡೆಯ ಬರ್ಚ್ ಮರಗಳ ಹಿಂದೆ ಒಂದು ಜಲ್ಲಿಯ ದಿಣ್ಣೆ ಕೆರೆಯವರೆಗೂ ಹಸುವಿನ ಬೆನ್ನಿನ ಹಾಗೆ ಚಾಚಿಕೊಂಡಿದೆ. ಅದಕ್ಕಿಂತ ಗಟ್ಟಿ ನೆಲ ಬೇರೆಲ್ಲೂ ಇಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ದಿಣ್ಣೆಯ ಆಚೆ ಬದಿಗೇ ಅವಳ ಜಾಗ. ಹಲಗೆ ಬಿದ್ದರೆ ಊರಿಗೆ ಊರೇ ಬಕೆಟ್ ಹಿಡಿದು ಬಂದೀತು.

ಐವಿಂದ್ ಗೂಟಗಳನ್ನು ಕೆಳಗಿಟ್ಟು ಹಣೆ ಒರೆಸಿಕೊಂಡ. "ಹಂಗಾದ್ರೆ ಇಷ್ಟೇ. ಇವತ್ತು ಗೆರೆ ಸಿಗದಿದ್ರೆ ಬೇರೆ ಯೋಜನೆ ಇದೆ ಅಂದಿದ್ರು. ಕೆಳಗೆ ಕಾರ್ ನಿಲ್ಲಿಸ್ತಾರಲ್ಲ, ಅಲ್ಲೇ ಒಂದು ಕಟ್ಟೆ ಕಟ್ಟಿ ಬೆಂಚ್ ಹಾಕ್ತೀವಿ. ಗುಡ್ಡ ಚೆನ್ನಾಗಿ ಕಾಣುತ್ತೆ."

"ಕಾಣುತ್ತೆ," ಎಂದಳು ಸುನ್ನಿವಾ.

"ಕುರ್ಚಿ ಎಳೆಯೋಕೆ ಹಗ್ಗ ತರ್ತೀನಿ. ಅಲ್ಲಾಡಬೇಡಿ," ಎಂದು ಅವನು ಗಾಡಿಯ ಕಡೆ ಇಳಿದುಹೋದ.

ಗುಡ್ಡದ ಮೇಲಿನಿಂದ ಮಂಜು ಇಳಿಯುತ್ತಿತ್ತು. ಬೆರಿತ್ ಕೋಲಿನ ಮೇಲೆ ಎರಡೂ ಕೈ ಇಟ್ಟು ನಿಂತಳು.

"ನಿಮ್ಮಮ್ಮನೂ ಸುಳ್ಳು ಹೇಳ್ತಿದ್ರು," ಎಂದಳು. "ಆದ್ರೆ ತಾವೇ ಅದರಲ್ಲಿ ಹೂತುಕೊಳ್ಳೋವಷ್ಟು ಹೇಳ್ತಿರ್ಲಿಲ್ಲ ಕಣೆ."

"ನಾನೇನು ಸುಳ್ಳು ಹೇಳಿದೆ?"

"ನಾನು ಕೇಳಲ್ಲ ಬಿಡು. ಕೇಳಬಾರದು. ಈ ಕಡೆ ನೀನು ಯಾವತ್ತೂ ಕಾಲಿಟ್ಟಿಲ್ಲ ಅನ್ನೋದು ಮಾತ್ರ ನಂಗೆ ಗೊತ್ತು. ಇಲ್ಲೆಲ್ಲ ಮೂವತ್ತು ವರ್ಷ ನಾನೇ ಹುಡುಕಿದೀನಲ್ಲ."

ಸುನ್ನಿವಾಗೆ ನಗು ಬಂತು. ಬಂದ ನಗು ಅರ್ಧಕ್ಕೇ ನಿಂತಿತು.

"ಅವನಿಗೆ ಹೇಳಿದ್ರೆ ಎಲ್ಲರದ್ದೂ ಆಗುತ್ತೆ ಬೆರಿತ್."

"ಹೇಳದಿದ್ರೆ ಯಾರದು? ನಿಂದಾ?" ಬೆರಿತ್ ಮಂಡಿ ಉಜ್ಜಿಕೊಂಡಳು. "ಈ ಕುರ್ಚಿ ಸೋಮವಾರ ವಾಪಸ್ ಹೋಗುತ್ತೆ. ನನ್ನ ಮಂಡಿ ಇನ್ನೊಂದು ಬೇಸಿಗೆ ತಡೆದ್ರೆ ಹೆಚ್ಚು. ಆಮೇಲೆ ಇಬ್ಬರೂ ಬೆಂಚ್ ಮೇಲೆ ಕೂತು ಗುಡ್ಡ ನೋಡೋಣ. ನೀನು ಆ ಕಡೆ ತುದಿ, ನಾನು ಈ ಕಡೆ ತುದಿ."

ಸುನ್ನಿವಾ ಆ ಬೆಂಚನ್ನು ಕಣ್ಣ ಮುಂದೆ ತಂದುಕೊಂಡಳು. ಮದುವೆಮನೆಯ ಊಟವನ್ನು ಕಿಟಕಿಯಿಂದ ನೋಡುತ್ತ ಕೂತಂತೆ. ಅಮ್ಮನ ಮೇಲೆ, ಅಜ್ಜಿಯ ಮೇಲೆ, ತನಗೆ ಈ ಜಾಗ ಕೊಟ್ಟವರೆಲ್ಲರ ಮೇಲೆ ಸಿಟ್ಟು ಬಂತು. ಅವರು ಯಾರೂ ಕೂತಲ್ಲೇ ಕೂರಬೇಕಾಗಿ ಬಂದವರಲ್ಲ.

ಐವಿಂದ್ ಹಗ್ಗ ಕಟ್ಟಿ ಎಳೆದ. ಬೆರಿತ್ ಕೋಲನ್ನು ಚಕ್ರದ ಕೆಳಗೆ ಕೊಟ್ಟು ಮೀಟಿದಳು. ಕುರ್ಚಿ ಕೆಸರನ್ನು ಉಗುಳಿ ಮೇಲೆ ಬಂದದ್ದೇ ಸುನ್ನಿವಾ ಅದನ್ನು ಬಲಕ್ಕೆ ತಿರುಗಿಸಿದಳು.

"ಗೂಟ ಎತ್ಕೋ ಐವಿಂದ್," ಎಂದಳು ಆಮೇಲೆ. "ಬಲಗಡೆ ಒಂದು ದಾರಿ ಇದೆ."

"ಬಲಗಡೆ ಬರೀ ನೀರು ಅಂದ್ರಿ ಬೆಳಿಗ್ಗೆ?"

"ಬೆಳಿಗ್ಗೆ ಅಂದೆ."

ಅವನು ಬೆರಿತ್‌ಳ ಕಡೆ ನೋಡಿದ. ಬೆರಿತ್ ಆಕಾಶ ನೋಡಿದಳು.

ಬರ್ಚ್ ಮರಗಳನ್ನು ದಾಟಿ ದಿಣ್ಣೆ ಹತ್ತಿದ ಮೇಲೆ ಕುರ್ಚಿಗೆ ಕುಲುಕಾಟವೇ ಇರಲಿಲ್ಲ. ಮಂಜು ಎರಡೂ ಬದಿಯ ನೆಲವನ್ನು ಅಳಿಸಿಬಿಟ್ಟಿತ್ತು. ಮೋಟಾರಿನ ಸದ್ದು ಕೂಡ ಎಲ್ಲೋ ದೂರದ ಜೇನುಹುಳದ ಸದ್ದಾಯಿತು. ಹತ್ತಿಹುಲ್ಲಿನ ಬಿಳಿ ಕುಚ್ಚುಗಳು ಮಂಜಿನಿಂದ ಎದ್ದು ಬಂದು, ಕುರ್ಚಿಯ ಪಕ್ಕಕ್ಕೆ ಬಂದು, ಮತ್ತೆ ಮಂಜಿಗೇ ಹೋಗುತ್ತಿದ್ದವು. ತಾನು ಹೋಗುತ್ತಿದ್ದೇನೋ, ನೆಲವೇ ಬರುತ್ತಿದೆಯೋ ಸುನ್ನಿವಾಗೆ ತಿಳಿಯಲಿಲ್ಲ. ನಿದ್ದೆಯಿಂದ ಏಳುತ್ತಿದ್ದೇನೆಂದು ಹೆದರಿ ಹಿಡಿಕೆಯನ್ನು ಬಿಗಿಯಾಗಿ ಹಿಡಿದುಕೊಂಡಳು. ಹಿಂದೆ ಐವಿಂದ್ ಗೂಟ ಹೊಡೆಯುವ ಟಕಟಕ ಸದ್ದು ಕೇಳುತ್ತಿತ್ತು. ಅಷ್ಟರಿಂದ ಇದು ಕನಸಲ್ಲವೆಂದು ನಂಬಿದಳು.

ದಿಣ್ಣೆ ಒಂದು ಕಡೆ ತಗ್ಗಿ ಜೌಗಿಗೆ ಸೇರುತ್ತದೆ. ಅಲ್ಲಿ ಅವಳು ಕುರ್ಚಿ ನಿಲ್ಲಿಸಿದಳು. ಮಂಜು ಸರಿಯಿತು. ಕಣ್ಣು ಹೋದಷ್ಟು ದೂರ ಪಾಚಿಯ ಮೇಲೆ ಜೇನುಬಣ್ಣದ ಹಣ್ಣು. ಎರಡು ವರ್ಷ ಯಾರೂ ಮುಟ್ಟದೆ ಮಾಗಿ, ಕೊಳೆತು, ಮತ್ತೆ ಚಿಗುರಿ ಬಂದದ್ದು.

ಬೆರಿತ್ ಕೋಲೂರಿಕೊಂಡು ಮುಂದೆ ಬಂದಳು.

"ಇದಾ?"

"ಇದೇ."

"ನಮ್ಮನೆ ಹಿತ್ತಲಿಂದ ನಾಯಿ ಬೊಗಳಿದ್ರೆ ಇಲ್ಲಿಗೆ ಕೇಳುತ್ತಲ್ಲೇ, ಪಾಪಿ."

"ಕೇಳ್ತಿತ್ತು. ನೀನು ಎದ್ದಿದೀಯ ಅಂತ ಗೊತ್ತಾಗ್ತಿತ್ತು."

ಐವಿಂದ್ ದಕ್ಷಿಣದವನು. "ಓ, ಮುಲ್ಟೆ," ಎಂದು ಬಗ್ಗಿ ಒಂದಕ್ಕೆ ಕೈ ಹಾಕಿದ. ಬೆರಿತ್ ಅವನ ಕೈಗೆ ಕೋಲಿನಿಂದ ಮೆಲ್ಲಗೆ ತಟ್ಟಿದಳು. "ಜಾಗದವರು ಮೊದಲು ಕೀಳಲಪ್ಪ."

ಸುನ್ನಿವಾ ಬಲಗೈಯನ್ನು ಕುರ್ಚಿಯ ಪಕ್ಕಕ್ಕೆ ಇಳಿಬಿಟ್ಟಳು. ಎಟುಕಲಿಲ್ಲ. ಸೊಂಟದ ಪಟ್ಟಿ ಸಡಿಲಿಸಿ ಪಕ್ಕಕ್ಕೆ ವಾಲಿದಳು. ಬೆರಳಿಗೂ ಹಣ್ಣಿಗೂ ನಡುವೆ ಇನ್ನೂ ಒಂದು ಗೇಣು ಉಳಿಯಿತು. ಇಷ್ಟು ದೂರ ಬರುವುದನ್ನು ಅವಳು ನೂರು ಸಲ ಯೋಚಿಸಿದ್ದಳು, ಇದನ್ನು ಯೋಚಿಸಿರಲಿಲ್ಲ. ಮುಖ ಬಿಸಿಯಾಯಿತು.

ಬೆರಿತ್ ಕೋಲು ಬಿಟ್ಟು, ನರಳುತ್ತ ಮಂಡಿಯೂರಿ, ಒಂದು ಹಣ್ಣಿನ ಸುತ್ತ ಬೆರಳು ಕೂಡಿಸಿದಳು.

"ಬೇಡ," ಎಂದಳು ಸುನ್ನಿವಾ. "ಹಾಗೇ ಇರಲಿ." ಐವಿಂದ್‌ನ ಕಡೆ ತಿರುಗಿದಳು. "ಹಲಗೆ ಎಷ್ಟು ಎತ್ತರ ಬರುತ್ತೆ ಇಲ್ಲಿ?"

"ಎಲ್ಲ ಕಡೆ ಒಂದೇ ಎತ್ತರ. ವಸಂತದಲ್ಲಿ ಹಿಮ ಕರಗಿ ನೀರು ಏರುತ್ತಲ್ಲ, ಅದರ ಮೇಲೆ ಬರಬೇಕು. ಆಮೇಲೆ ಚಕ್ರ ಜಾರದ ಹಾಗೆ ಪಕ್ಕಕ್ಕೆ ಅಂಚು."

"ಇಲ್ಲಿ ಬೇಡ. ಕೂತಲ್ಲಿಂದ ನನ್ನ ಕೈಗೆ ಎಟುಕೋ ಹಾಗೆ ಇಲ್ಲಿ ಕೆಳಗಿರಲಿ. ಅಂಚು ಎಷ್ಟು ಸಣ್ಣದಾಗುತ್ತೋ ಅಷ್ಟು ಸಣ್ಣದು ಮಾಡು."

"ವಸಂತದಲ್ಲಿ ಮುಳುಗುತ್ತೆ."

"ಮುಳುಗಲಿ. ವಸಂತದಲ್ಲಿ ಯಾರಪ್ಪ ಮುಲ್ಟೆ ಕೀಳ್ತಾರೆ?"

ಅವನು ಏನೋ ಹೇಳಹೊರಟವನು ಅವಳ ಕೈಯನ್ನು ನೋಡಿದ. ಅದು ಇನ್ನೂ ಹಾಗೇ ತೂಗುತ್ತಿತ್ತು. ಗೂಟಗಳನ್ನು ಕೆಳಗಿಟ್ಟು, ಜೇಬಿನಿಂದ ಅಳತೆಪಟ್ಟಿ ತೆಗೆದು ಒದ್ದೆ ಪಾಚಿಯ ಮೇಲೆ ಕುಕ್ಕರುಗಾಲಲ್ಲಿ ಕೂತ.

"ನಿಮ್ಮ ಮನೆ ಕುರ್ಚಿ ಇದಕ್ಕಿಂತ ಕೆಳಗಿದೆ ತಾನೆ? ಅದನ್ನೂ ಆಮೇಲೆ ಅಳೀತೀನಿ. ಈಗ ಕೈ ಅಲ್ಲಾಡಿಸಬೇಡಿ."

"ಅಲ್ಲಾಡಿಸ್ತಿಲ್ಲ," ಎಂದಳು ಸುನ್ನಿವಾ. ಆದರೆ ಪಕ್ಕಕ್ಕೆ ವಾಲಿದ್ದರಿಂದ ಕೈ ಒಂದೆಡೆ ನಿಲ್ಲುತ್ತಿರಲಿಲ್ಲ. ಬೆರಿತ್ ಮಂಡಿಯ ಮೇಲೇ ಸರಿದು ಬಂದು ಅವಳ ಮಣಿಕಟ್ಟನ್ನು ಎರಡೂ ಕೈಗಳಿಂದ ಹಿಡಿದುಕೊಂಡಳು. ಬೆರಳ ತುದಿಯಿಂದ ಹಣ್ಣಿನವರೆಗೆ ಅಳತೆಪಟ್ಟಿ ಇಳಿಯಿತು. ಮೂವರೂ ಉಸಿರು ಬಿಗಿಹಿಡಿದು ಅದರ ಮೇಲಿನ ಅಂಕಿಯನ್ನು ನೋಡುತ್ತಿದ್ದರು.